ಉಗುರುಬಣ್ಣದ ಗೆರೆ

ಹೊಸ ಬಣ್ಣ ಬಳಿದ ಯಂತ್ರ ಕಂಡರೆ ಅದನ್ನು ಕೆರೆದು ನೋಡಬೇಕು ಅನ್ನಿಸುವುದು ನನಗಂಟಿದ ರೋಗ. ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಅಂಟಿದ್ದು. ಕನ್ನಡವೂ ಮರಾಠಿಯೂ ನಡೆಯುವ ಗಡಿಯ ಊರು ಜತ್ತದ ಹೊರಗೆ ಕಲ್ಲುನೆಲದ ಮೇಲೆ ಎದ್ದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಮೆಕ್ಯಾನಿಕಲ್ ವಿಭಾಗದ ಮಾಸ್ತರ. ಕೊನೆಯ ವರ್ಷದವರು ಮಾಡುವ ಪ್ರಾಜೆಕ್ಟುಗಳಿಗೆ ಗೈಡ್ ಆಗುವುದು, ಅದರಿಂದ ಅವರು ನಿಜಕ್ಕೂ ಏನು ಕಲಿತರು ಎಂದು ತೂಗಿ ಅಂಕ ಕೊಡುವುದು ನನ್ನ ಪಾಲಿನ ಕೆಲಸ. ತೂಗುವುದು ಸುಲಭವಲ್ಲ. ಯಂತ್ರ ಕಣ್ಣಿಗೆ ಕಾಣುತ್ತದೆ, ಕಲಿತದ್ದು ಕಾಣುವುದಿಲ್ಲ.

ಒಂದು ವರ್ಷ ನಮ್ಮಲ್ಲಿಗೆ ಹಸಿರು ಬಣ್ಣದ ಗೋವಿನಜೋಳ ಬಿಡಿಸುವ ಯಂತ್ರ ಬಂತು. ಮರುವರ್ಷ ಬೇರೆ ಗುಂಪಿನಿಂದ ನೀಲಿ ಬಣ್ಣದ್ದೊಂದು ಬಂತು. ನನಗೇಕೋ ಅನುಮಾನ ಬಂದು ಸ್ಕೂಟರಿನ ಕೀಲಿಯಿಂದ ಒಂದು ಮೂಲೆ ಕೆರೆದೆ. ನೀಲಿಯ ಅಡಿಯಲ್ಲಿ ಹಸಿರು ಇತ್ತು. ಹಸಿರಿನ ಅಡಿಯಲ್ಲಿ ಹಳದಿಯೂ ಇತ್ತು, ಅಂದರೆ ನಾನು ಕೆಲಸಕ್ಕೆ ಸೇರುವ ಮೊದಲೇ ಆ ಯಂತ್ರ ಒಮ್ಮೆ ಪಾಸಾಗಿ ಹೋಗಿತ್ತು. ಅಂದಿನಿಂದ ನನ್ನ ಕೀಲಿಗೆ ವಿಶ್ರಾಂತಿ ಇಲ್ಲ. ದೊಡ್ಡ ಊರುಗಳಲ್ಲಿ ಪ್ರಾಜೆಕ್ಟು ಮಾಡಿಕೊಡುವ ಅಂಗಡಿಗಳೇ ಇವೆ. ವರದಿಯನ್ನು ಈಗ ಮೊಬೈಲೇ ಬರೆದುಕೊಡುತ್ತದೆ. ಹುಡುಗರು ನಿಂತು ಇಂಗ್ಲಿಷಿನಲ್ಲಿ ಪಟಪಟ ಹೇಳುತ್ತಿದ್ದರೆ ನಾನು ಕೇಳುವುದು ಮಾತನ್ನಲ್ಲ, ಅದು ಎಲ್ಲಿಂದ ಬಂತು ಎನ್ನುವುದನ್ನು. ನನ್ನ ಹೆಂಡತಿ ಊಟಕ್ಕೆ ಬಡಿಸುತ್ತ, “ಸಾರಿನ್ಯಾಗಿನ ಉಪ್ಪಿಗೂ ವೈವಾ ತಗೋತೀರಿ ನೀವ” ಎಂದು ಹಂಗಿಸುತ್ತಾಳೆ.

ನಾನೂ ಸಾಚಾ ಅಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಗುಂಪಿಗೂ ಒಂದು ಲಾಗ್‌ಬುಕ್ ಇರುತ್ತದೆ. ವಾರಕ್ಕೊಮ್ಮೆ ಹುಡುಗರು ಮಾಡಿದ ಕೆಲಸ ಬರೆಯಬೇಕು, ಗೈಡ್ ನೋಡಿ ಸಹಿ ಹಾಕಬೇಕು. ನಡೆಯುವುದು ಹೀಗೆ: ಪರೀಕ್ಷೆಗೆ ನಾಲ್ಕು ದಿನ ಇರುವಾಗ ಎಲ್ಲ ಲಾಗ್‌ಬುಕ್ಕುಗಳೂ ನನ್ನ ಟೇಬಲ್ಲಿಗೆ ಬರುತ್ತವೆ. ನಾನು ಎರಡು ಮೂರು ಬಗೆಯ ಪೆನ್ನು ಬದಲಿಸಿ, ಇಡೀ ವರ್ಷದ ಸಹಿಯನ್ನು ಒಂದೇ ಮಧ್ಯಾಹ್ನ ಹಾಕಿ ಮುಗಿಸುತ್ತೇನೆ. ಎಲ್ಲರೂ ಹೀಗೇ ಮಾಡುತ್ತಾರೆ. ಹುಡುಗರ ಮೋಸ ಹಿಡಿಯುವವನಿಗೆ ಇದು ಮೋಸ ಅನ್ನಿಸಲೇ ಇಲ್ಲ.

ಆ ವರ್ಷ ನನಗೆ ಬಂದ ಒಂದು ಗುಂಪಿನಲ್ಲಿ ಮೂವರಿದ್ದರು. ಇಬ್ಬರು ಹುಡುಗರು, ಒಬ್ಬ ಹುಡುಗಿ. ಹುಡುಗಿ ಡಫಳಾಪುರದವಳು, ಮುಸ್ಲಿಂ ಮನೆತನ. ತಂದೆಗೆ ಊರಿನಲ್ಲಿ ವೆಲ್ಡಿಂಗ್ ಅಂಗಡಿ. ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರಿದ್ದಳು. ತರಗತಿಯಲ್ಲಿ ಅವಳ ದನಿ ಕೇಳಿದ ನೆನಪು ನನಗಿರಲಿಲ್ಲ. ಅವರು ಆರಿಸಿಕೊಂಡದ್ದು ಬೇದಾಣಾದ ಕಡ್ಡಿ ಬಿಡಿಸುವ ಯಂತ್ರ. ನಮ್ಮ ಕಡೆ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಬಲೆಯ ಮೇಲೆ ಹರಡಿ ಒಣಗಿಸಿ ಬೇದಾಣಾ ಮಾಡುತ್ತಾರೆ. ಒಣಗಿದ ಮೇಲೆ ಅದರ ಕಡ್ಡಿ ಬಿಡಿಸಬೇಕು. ಹೆಂಗಸರು ಸಾಲಾಗಿ ಕುಳಿತು ದಿನಗಟ್ಟಲೆ ಮಾಡುವ ಕೆಲಸ ಅದು. ದೊಡ್ಡ ವ್ಯಾಪಾರಿಗಳ ಹತ್ತಿರ ದೊಡ್ಡ ಯಂತ್ರಗಳಿವೆ. ಇವರು ಮಾಡಹೊರಟದ್ದು ಸಣ್ಣ ಶೆಡ್ಡಿಗೆ ಹೊಂದುವ ಸಣ್ಣದೊಂದನ್ನು. ಯಳವಿಯ ಒಬ್ಬ ದ್ರಾಕ್ಷಿ ಬೆಳೆಗಾರ ಪ್ರಯೋಗಕ್ಕೆ ತನ್ನ ಶೆಡ್ಡು ಬಿಟ್ಟುಕೊಡಲು ಒಪ್ಪಿದ್ದ.

ಏಪ್ರಿಲ್‌ನಲ್ಲಿ ಯಂತ್ರ ಟೆಂಪೋದಲ್ಲಿ ಕಾಲೇಜಿಗೆ ಬಂತು. ಬೂದು ಬಣ್ಣ. ಒಂದು ಜಾಲರಿಯ ಡ್ರಮ್ಮು, ಅದರೊಳಗೆ ನೈಲಾನ್ ಬ್ರಷ್ಷು ಕಟ್ಟಿದ ಶಾಫ್ಟು, ಕೆಳಗೆ ಕಡ್ಡಿಯನ್ನು ಹಾರಿಸುವ ಫ್ಯಾನು. ನಮ್ಮ ಕಾಲೇಜಿನ ಪದ್ಧತಿಯಂತೆ ಮುಂದೆ ಒಂದು ತಗಡಿನ ಪಟ್ಟಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಮಾರ್ಗದರ್ಶಕರು’ ಎಂದು ನನ್ನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಮೂವರದು. ನನ್ನ ಹೆಸರು ಓದಿ ಖುಷಿಯಾಯಿತು. ಆಮೇಲೆ ಬಗ್ಗಿ ವೆಲ್ಡಿಂಗ್ ನೋಡಿದೆ. ಖುಷಿ ಇಳಿದುಹೋಯಿತು.

ವಿದ್ಯಾರ್ಥಿಗಳ ವೆಲ್ಡಿಂಗ್ ನನಗೆ ಗೊತ್ತು. ಒಂದು ಕಡೆ ಗಂಟು, ಒಂದು ಕಡೆ ತೂತು, ಮೇಲೆ ಪುಟ್ಟಿ. ಇದು ಹಾಗಿರಲಿಲ್ಲ. ಮೂಲೆ ಮೂಲೆಯಲ್ಲೂ ಒಂದೇ ಅಗಲ, ಒಂದೇ ಎತ್ತರ. ಕೀಲಿಯಿಂದ ಕೆರೆದೆ. ಬಣ್ಣದ ಕೆಳಗೆ ಪುಟ್ಟಿ ಇರಲಿಲ್ಲ, ಶುದ್ಧ ಕಬ್ಬಿಣ. ಇದು ವರ್ಷಗಟ್ಟಲೆ ಬೆಂಕಿಯ ಮುಂದೆ ಕುಳಿತ ಕೈ. ಕೈತುಂಬ ಗಾಜಿನ ಬಳೆ ತೊಟ್ಟು, ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯದಲ್ಲ ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಹುಡುಗರಿಬ್ಬರನ್ನು ಬೇರೆ ಬೇರೆಯಾಗಿ ಕರೆದು ಕೇಳಿದೆ. ಗುಂಪಿನ ಪ್ರಾಜೆಕ್ಟಿನಲ್ಲಿ ಯಾರು ಎಷ್ಟು ಮಾಡಿದರು ಎಂದು ತಿಳಿಯಲು ನನಗೆ ಗೊತ್ತಿದ್ದದ್ದು ಪೊಲೀಸರ ಈ ದಾರಿಯೊಂದೇ. ಇಬ್ಬರೂ ಒಂದೇ ಮಾತು ಹೇಳಿದರು. “ವರದಿ, ನಕಾಶಿ, ಲೆಕ್ಕ ನಮ್ದ್ರಿ ಸರ್. ಮಶೀನ ಆಕಿ ಮಾಡ್ಯಾಳ್ರಿ.” ಒಂದೇ ಮಾತು ಹೇಳಿದ್ದಕ್ಕೇ ನನಗೆ ಅನುಮಾನ ಹೆಚ್ಚಾಯಿತು. ಕೂತು ಕಲಿತು ಬಂದಿದ್ದಾರೆ ಅಂದುಕೊಂಡೆ. ಬೇರೆ ಬೇರೆ ಹೇಳಿದ್ದರೂ ಅನುಮಾನ ಪಡುತ್ತಿದ್ದೆ, ಅದು ಬೇರೆ ಮಾತು.

ನಾನು ತುಂಬಬೇಕಾದ ನಮೂನೆಯಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ‘ಸ್ವಂತ ಕೆಲಸವೇ’ ಎಂಬ ಒಂದು ಕಾಲಂ ಇರುತ್ತದೆ. ಅಲ್ಲಿ ‘ಅಲ್ಲ’ ಎಂದು ಬರೆದರೆ ಆ ವಿದ್ಯಾರ್ಥಿ ಮರುವರ್ಷ ಹೊಸ ಪ್ರಾಜೆಕ್ಟು ಮಾಡಬೇಕು, ಒಂದು ವರ್ಷ ಹೋಯಿತು. ಆ ಹುಡುಗಿಗೆ ಮಿರಜದ ಕಡೆಯ ಒಂದು ಕಾರ್ಖಾನೆಯವರು, ನಿಕಾಲ, ಅಂದರೆ ಪರೀಕ್ಷೆಯ ಫಲಿತಾಂಶ, ತಂದು ತೋರಿಸಿದರೆ ಜೂನ್‌ನಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅವರು ಮರುವರ್ಷದ ತನಕ ಕಾಯುವವರಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಸುಮ್ಮನೆ ಬರೆಯದೆ, ಖಾತ್ರಿ ಮಾಡಿಕೊಂಡೇ ಬರೆಯುತ್ತೇನೆ ಎಂದು ಡಫಳಾಪುರಕ್ಕೆ ಹೊರಟೆ. ನ್ಯಾಯವಂತ ಎಂಬ ಜಂಬ ಬೇರೆ.

ನಮ್ಮೂರು ಬೆಳುಂಕಿ. ಅಲ್ಲಿನ ಮನೆಯ ಗೇಟಿಗೆ ಗ್ರಿಲ್ ಮಾಡಿಸಬೇಕು ಎನ್ನುವ ನೆವ ಇಟ್ಟುಕೊಂಡು ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಹುಡುಗಿ ಅಷ್ಟೊತ್ತಿಗೆ ಕಾಲೇಜಿನಲ್ಲಿರುತ್ತಾಳೆ ಎಂದು ನೋಡಿಕೊಂಡೇ ಬಂದಿದ್ದೆ. ತಂದೆ ಒಬ್ಬನೇ ಇದ್ದ. ಸಣಕಲು ಮನುಷ್ಯ, ಬಿಳಿ ಗಡ್ಡದ ತುದಿಯಲ್ಲಿ ಕಿಡಿ ತಾಗಿ ಸುಟ್ಟ ಗುರುತು. ನಾನು ಯಾರೆಂದು ಅವನಿಗೆ ತಿಳಿಯದು.

“ಬರ್ರಿ ಸಾಹೇಬ್ರ, ಕುಂದ್ರಿ” ಎಂದು ಸ್ಟೂಲು ಒರೆಸಿ ಕೊಟ್ಟ.

ಗ್ರಿಲ್ಲಿನ ಅಳತೆ, ನಮೂನೆ ಎಂದು ಸ್ವಲ್ಪ ಹೊತ್ತು ಆಡಿಸಿ, ಮೊಬೈಲಿನಲ್ಲಿದ್ದ ಯಂತ್ರದ ಫೋಟೊ ತೋರಿಸಿದೆ. “ಇದನ್ನ ಒಂದ್ ಕಡಿ ನೋಡಿದ್ನಿ. ಯಾರ್ ಮಾಡಿದ್ದಿದು?”

ಅವನು ಮೊಬೈಲನ್ನು ದೂರ ಹಿಡಿದು ನೋಡಿದ. ಮುಖ ಬಿಗಿಯಾಯಿತು. “ಏನಾತ್ರಿ ಅದಕ? ಕೆಟ್ಟೈತೇನ್ರಿ?”

“ಕೆಟ್ಟಿಲ್ಲ. ಯಾರ್ ಮಾಡಿದ್ದು ಅಂತ ಕೇಳ್ದೆ.”

“ನಾನ ಮಾಡೀನ್ರಿ” ಎಂದ. “ಏನ ಇದ್ರೂ ನನಗ ಹೇಳ್ರಿ.”

ಇನ್ನೇನು ಬೇಕು? ಗ್ರಿಲ್ಲಿಗೆ ಆಮೇಲೆ ಬರುತ್ತೇನೆ ಎಂದು ಎದ್ದೆ. ಅವನು ಕೊಟ್ಟ ಚಹಾ ಅರ್ಧ ಉಳಿದಿತ್ತು. ದಾರಿಯುದ್ದಕ್ಕೂ ಒಳಗೊಳಗೇ ಗೆದ್ದ ಭಾವ. ಕಳ್ಳನ ಬಾಯಿಂದಲೇ ಹೊರಟ ಮಾತು ಎಂದುಕೊಂಡೆ.

ಮರುದಿನ ಹುಡುಗಿಯನ್ನು ಸ್ಟಾಫ್‌ರೂಮಿಗೆ ಕರೆಸಿದೆ. ನಿನ್ನ ತಂದೆಯೇ ಹೇಳಿದ್ದಾರೆ, ಯಂತ್ರ ತಾವೇ ಮಾಡಿದ್ದಂತೆ, ಏನಂತೀ ಎಂದು ಕೇಳಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. “ನಮ್ಮ ಅಬ್ಬಾ ಹಂಗಂದಾರೇನ್ರಿ” ಎಂದಳು.

“ಹೌದು. ನಂಗ ಎದರಾಬದರ ಹೇಳ್ಯಾರ.”

“ಅವರ ಅಂದ ಮ್ಯಾಲೆ ನಾ ಅಲ್ಲ ಅನ್ನಂಗಿಲ್ರಿ ಸರ್” ಎಂದು ಕೈಕಟ್ಟಿ ನಿಂತಳು. ಅಳಲಿಲ್ಲ, ಗೋಗರೆಯಲಿಲ್ಲ. ತಪ್ಪು ಮಾಡದವಳು ಇಷ್ಟು ಸುಮ್ಮನಿರುತ್ತಾಳೆಯೇ ಎಂದು ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಅವಳು ಹೋದ ಮೇಲೆ ನಮೂನೆ ತೆಗೆದು, ಅವಳ ಹೆಸರಿನ ಮುಂದೆ ಪೆನ್ಸಿಲ್ಲಿನಿಂದ ‘ಅಲ್ಲ’ ಎಂದು ಬರೆದೆ. ವೈವಾ ಮುಗಿದ ಮೇಲೆ ಪೆನ್ನಿನಿಂದ ತಿದ್ದಿದರಾಯಿತು.

ಪೆನ್ಸಿಲ್ಲಿನಿಂದ ಏಕೆ ಬರೆದೆ ಎಂದು ಈಗ ಯೋಚಿಸುತ್ತೇನೆ. ನನ್ನ ಅನುಮಾನಕ್ಕೂ ಒಂದು ಸಾಕ್ಷಿ ಬೇಕಿತ್ತು. ಹೊರಗಿನ ಪರೀಕ್ಷಕರ ಮುಂದೆಯೇ ಅವಳು ಸಿಕ್ಕಿಬಿದ್ದರೆ ಆಮೇಲೆ ಯಾರೂ ನನ್ನನ್ನು ಕೇಳುವಂತಿಲ್ಲ. ಅದಕ್ಕೊಂದು ಉಪಾಯ ಮಾಡಿದೆ. ಯಂತ್ರಗಳನ್ನೆಲ್ಲ ಮೂರು ದಿನ ಮೊದಲೇ ಲ್ಯಾಬಿಗೆ ತರಿಸಿ ಬೀಗ ಹಾಕಿದ್ದೆವು, ಕೀಲಿ ನನ್ನ ಹತ್ತಿರ ಇತ್ತು. ವೈವಾದ ಹಿಂದಿನ ದಿನ ಸಂಜೆ ಐದರ ಸುಮಾರಿಗೆ, ಲ್ಯಾಬಿನವರು ಚಹಾಕ್ಕೆ ಹೋದಾಗ ಒಳಗೆ ಹೋದೆ. ಶಾಫ್ಟಿಗೆ ಪುಲ್ಲಿಯನ್ನು ಬಿಗಿದು ಹಿಡಿಯುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಎಲನ್‌ಕೀ ಹಾಕಿ ಅದನ್ನು ಎರಡು ಸುತ್ತು ಸಡಿಲಿಸಿದೆ. ಮೋಟರು ಓಡುತ್ತದೆ, ಬೆಲ್ಟು ಓಡುತ್ತದೆ, ಪುಲ್ಲಿಯೂ ತಿರುಗುತ್ತದೆ, ಬೇದಾಣಾ ಸುರಿದ ಕೂಡಲೇ ಶಾಫ್ಟು ನಿಂತುಬಿಡುತ್ತದೆ. ಮಾಡಿದವರಿಗೆ ಮಾತ್ರ ಕಾರಣ ತಿಳಿಯುತ್ತದೆ, ಮಾಡಿಸಿದವರು ಕಣ್ಣು ಕಣ್ಣು ಬಿಡುತ್ತಾರೆ.

ಸ್ಕ್ರೂವಿನ ತಲೆಯಿಂದ ಪುಲ್ಲಿಯ ತನಕ ಕೆಂಪು ಬಣ್ಣದ ಒಂದು ತೆಳು ಗೆರೆ ಒಣಗಿತ್ತು. ಯಂತ್ರಕ್ಕೆ ಬಳಿದದ್ದು ಬೂದು. ಕೆಂಪು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕಾಗಿತ್ತು. ಎಲ್ಲದರ ಮೇಲೂ ಅನುಮಾನ ಪಡುವ ನಾನು ಅದೊಂದರ ಮೇಲೆ ಪಡಲಿಲ್ಲ.

ಹೊರಗಿನ ಪರೀಕ್ಷಕರು ಸಾಂಗಲಿ ಕಡೆಯ ಒಂದು ಕಾಲೇಜಿನವರು, ಮರಾಠಿ ಮಾತಾಡುವವರು, ಕಟ್ಟುನಿಟ್ಟಿನ ಮನುಷ್ಯ. ಹುಡುಗರಿಬ್ಬರೂ ವರದಿಯನ್ನು ಚೆನ್ನಾಗಿಯೇ ಒಪ್ಪಿಸಿದರು. ಪರೀಕ್ಷಕರು ಸಾಕು ಎಂದು ಕೈ ಮಾಡಿ, ಯಂತ್ರ ನಡೆಸಿ ತೋರಿಸಿ ಎಂದರು. ಹುಡುಗಿ ಸ್ವಿಚ್ ಹಾಕಿದಳು. ಶಾಫ್ಟು ತಿರುಗಿತು. ಒಂದು ಬುಟ್ಟಿ ಬೇದಾಣಾ ಸುರಿದಳು. ಶಾಫ್ಟು ಎರಡು ಸಲ ಮಿಸುಕಾಡಿ ನಿಂತಿತು. ಮೋಟರು ಮಾತ್ರ ಹಾಯಾಗಿ ಓಡುತ್ತಿತ್ತು. ಹುಡುಗರ ಮುಖ ಬಿಳಚಿಕೊಂಡಿತು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ.

ಅವಳು ಗಾಬರಿಯಾಗಲಿಲ್ಲ. ಮೊದಲು ಸ್ವಿಚ್ ಆರಿಸಿದಳು. ಪ್ಲಗ್ಗನ್ನೂ ಕಿತ್ತು ಪಕ್ಕಕ್ಕಿಟ್ಟಳು. ಬಳೆಗಳನ್ನು ಮೊಣಕೈವರೆಗೆ ಸರಿಸಿ, ಒಂದು ಕೈಯಲ್ಲಿ ಶಾಫ್ಟನ್ನು ಹಿಡಿದು ಇನ್ನೊಂದು ಕೈಯಲ್ಲಿ ಪುಲ್ಲಿಯನ್ನು ತಿರುಗಿಸಿದಳು. ಪುಲ್ಲಿ ಸುತ್ತಿತು, ಶಾಫ್ಟು ಸುತ್ತಲಿಲ್ಲ. ಬಗ್ಗಿ ಸ್ಕ್ರೂ ನೋಡಿದಳು. ನೋಡಿದವಳು ಹಾಗೇ ನಿಂತಳು. ಆಗ ಅವಳು ದಿಕ್ಕು ತೋಚದೆ ನಿಂತಿದ್ದಾಳೆ ಅಂದುಕೊಂಡೆ. ಆಮೇಲೆ ಚೀಲದಿಂದ ಎಲನ್‌ಕೀ ತೆಗೆದು ಸ್ಕ್ರೂ ಬಿಗಿದು, ಪ್ಲಗ್ಗು ಹಾಕಿ, ಮತ್ತೆ ಬೇದಾಣಾ ಸುರಿದಳು. ಯಂತ್ರ ಓಡಿತು. ಕೆಳಗಿನ ತಟ್ಟೆಗೆ ಕಡ್ಡಿ ಬಿಟ್ಟ ಬೇದಾಣಾ ಬಿತ್ತು, ಕಡ್ಡಿ ಹಾರಿ ಗೋಡೆಯ ಬುಡಕ್ಕೆ ಹೋಯಿತು. ಇಷ್ಟಕ್ಕೆಲ್ಲ ನಾನು ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಪರೀಕ್ಷಕರು ಎದ್ದು ಹತ್ತಿರ ಬಂದರು. ಬ್ರಷ್ಷಿಗೆ ನೈಲಾನ್ ಏಕೆ ಎಂದು ಕೇಳಿದರು. ಮೊದಲು ಟೈರಿನ ರಬ್ಬರ್ ಹಾಕಿದ್ದೆ, ಬೇದಾಣಾದ ಮೇಲೆ ಕರಿ ಕಲೆ ಬಿತ್ತು, ಯಳವಿಯ ಮಾಲಕರು ಒಂದು ಬುಟ್ಟಿ ಮಾಲು ಚೆಲ್ಲಿದರು ಎಂದು ಮರಾಠಿಯಲ್ಲಿ ಹೇಳಿದಳು. ವೇಗ ಏಕೆ ಇಷ್ಟೇ ಎಂದರು. ಹೆಚ್ಚು ಮಾಡಿದರೆ ಸಿಪ್ಪೆ ಹರಿದು ಒಳಗಿನ ಅಂಟು ಜಾಲರಿಗೆ ಹಿಡಿಯುತ್ತದೆ, ಕಡಿಮೆ ಮಾಡಿದರೆ ಕಡ್ಡಿ ಉಳಿಯುತ್ತದೆ, ನಾಲ್ಕು ಪುಲ್ಲಿ ಬದಲಿಸಿ ನೋಡಿದ ಮೇಲೆ ಇದು ಸಿಕ್ಕಿತು ಎಂದಳು. ಮೋಡ ಇದ್ದ ದಿನ ಬೇದಾಣಾ ಮೆತ್ತಗಾಗಿರುತ್ತದೆ, ಆ ದಿನ ಈ ವೇಗವೂ ಸರಿಹೋಗುವುದಿಲ್ಲ, ಅದಕ್ಕೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ ಎಂದೂ ತಾನಾಗಿಯೇ ಸೇರಿಸಿದಳು. ನನಗೆ ಇರಿದಂತಾಯಿತು. ಕೊಂಡು ತಂದವರು ಎಂದೂ ತಮಗೆ ಗೊತ್ತಿಲ್ಲದ್ದನ್ನು ಹೇಳುವುದಿಲ್ಲ. ಗೊತ್ತಿಲ್ಲ ಎಂದು ಇಷ್ಟು ಚೊಕ್ಕವಾಗಿ ಹೇಳಬೇಕಾದರೆ ಅಷ್ಟು ದೂರ ನಡೆದಿರಬೇಕು.

ಕೊನೆಗೆ ಪರೀಕ್ಷಕರು ಕೇಳಿದರು, ಸ್ಕ್ರೂ ಸಡಿಲಾದದ್ದು ಹೇಗೆ? ಅವಳು ಸ್ಕ್ರೂ ಕಡೆ ನೋಡಿದಳು, ನೆಲ ನೋಡಿದಳು. ನನ್ನ ಕಡೆ ನೋಡಲಿಲ್ಲ. ನನ್ನದೇ ತಪ್ಪು ಸರ್, ಎಂದಳು ಮರಾಠಿಯಲ್ಲಿ. ಜೋಡಣೆಯಲ್ಲಿ ಅಜಾಗರೂಕತೆ ಎಂದು ಅವರು ಐದು ಅಂಕ ಕಳೆದು ಬರೆದುಕೊಂಡರು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಸ್ಕ್ರೂ ಸಡಿಲಿಸಿದವನು ನಾನು ಎಂದರೆ ಆ ಮನುಷ್ಯ ಏನೆಂದುಕೊಂಡಾನು ಎಂಬ ಯೋಚನೆಯೇ ನನ್ನ ನಾಲಿಗೆ ಹಿಡಿಯಿತು. ನನಗೆ ನನ್ನ ಮೇಲೇ ಅಸಹ್ಯ ಬಂತು.

ಮಧ್ಯಾಹ್ನ ಅವಳನ್ನು ಕರೆದು ಲಾಗ್‌ಬುಕ್ ಅಲ್ಲದೆ ಬೇರೆ ಏನಾದರೂ ಬರೆದಿಟ್ಟಿದ್ದೀಯಾ ಎಂದು ಕೇಳಿದೆ. ಅವಳು ಎಣ್ಣೆ ಹತ್ತಿದ ಒಂದು ನೂರು ಪುಟದ ವಹಿ ತಂದುಕೊಟ್ಟಳು. ಒಳಗೆ ಕನ್ನಡ, ಮರಾಠಿ, ಇಂಗ್ಲಿಷು ಎಲ್ಲ ಕಲಸುಮೇಲೋಗರ. ‘ಇವತ್ತು ಮೂರನೇ ಪುಲ್ಲಿ. ಸಿಪ್ಪಿ ಹರೀತು.’ ‘ಅಬ್ಬಾ ಜೋಡ ಮುರಿದು ತೋರಿಸಿದ್ರು, ಒಳಗ ಹಿಡಿದಿಲ್ಲ. ಮತ್ತ ಮಾಡಬೇಕು.’ ಹೀಗೆ ಜೋಡ ಮುರಿದು ತೋರಿಸಿದ್ದು ಒಂದೇ ಕಡೆಯಲ್ಲ, ಪುಟ ಪುಟದಲ್ಲಿ. ಅವಳು ವೆಲ್ಡ್ ಮಾಡಿದ ಪ್ರತಿ ಮೂಲೆಯನ್ನೂ ಆ ಮನುಷ್ಯ ಕತ್ತರಿಸಿ, ಒಳಗೆ ಲೋಹ ಕೂಡಿದೆಯೋ ಇಲ್ಲವೋ ತೋರಿಸಿ, ಮತ್ತೆ ಮಾಡಿಸಿದ್ದ. ನಾನು ಬಣ್ಣ ಕೆರೆದು ಪರೀಕ್ಷೆ ಮಾಡುತ್ತಿದ್ದೆ, ಅವನು ಮುರಿದು ಮಾಡುತ್ತಿದ್ದ. ನಡುವೆ ಕೆಲವು ಪುಟಗಳಲ್ಲಿ ಇನ್ನೊಂದು ಸಾಲೂ ಇತ್ತು: ‘ಸರ್ ಕಡಿ ಹೋಗಿದ್ದೆ. ಸರ್ ಇರಲಿಲ್ಲ.’ ಅವೇ ವಾರಗಳಿಗೆ ಲಾಗ್‌ಬುಕ್ಕಿನಲ್ಲಿ ನನ್ನ ಸಹಿ ಇತ್ತು.

ನಮೂನೆ ತೆಗೆದು ‘ಅಲ್ಲ’ ಎಂಬುದನ್ನು ಅಳಿಸಿ, ಪೆನ್ನಿನಿಂದ ‘ಹೌದು’ ಎಂದು ಬರೆದೆ. ಒಳಗಿನ ಚುಚ್ಚು ಹೋಗಲಿಲ್ಲ. ಅದರ ಜೊತೆಗೆ ಹಳೆಯ ರೋಗ ಬೇರೆ ತಲೆ ಎತ್ತಿತು. ಮಗಳು ಮಾಡಿದ್ದು ನಿಜವಾದರೆ ತಂದೆ ನಾನೇ ಮಾಡಿದೆ ಎಂದು ಏಕೆ ಸುಳ್ಳು ಹೇಳಿದ? ಇದರಲ್ಲೂ ಏನೋ ಇರಬೇಕು. ಒಂದು ವಾರ ತಡೆದುಕೊಂಡು ಮತ್ತೆ ಡಫಳಾಪುರಕ್ಕೆ ಹೋದೆ. ಈ ಸಲ ನೆವ ಹೂಡಲಿಲ್ಲ.

ಯಂತ್ರ ಅಂಗಡಿಯ ಮುಂದೆಯೇ ಇತ್ತು. ವೈವಾ ಆದ ಮೇಲೆ ಯಳವಿಯ ಶೆಡ್ಡಿಗೆ ಹೋಗಿತ್ತಂತೆ, ಬೇರಿಂಗು ಕಿರುಗುಟ್ಟುತ್ತದೆ ಎಂದು ತಿರುಗಿ ಬಂದಿತ್ತು. ಹುಡುಗಿ ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹಳೆಯ ಬೇರಿಂಗು ಹೊಡೆದು ತೆಗೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ತಂದೆಗೆ ನಾನು ಯಾರೆಂದು ಹೇಳಿದಳು.

ಅವನು ನನ್ನನ್ನೂ ತಗಡಿನ ಪಟ್ಟಿಯನ್ನೂ ನೋಡಿ ಕೈ ಒರೆಸಿಕೊಂಡ. “ಅವತ್ತ ಗ್ರಿಲ್ ಕೇಳಾಕ ಬಂದವರ ನೀವ ಏನ್ರಿ” ಎಂದ. ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನೇ ಕೇಳಿದೆ, ಮಗಳು ಮಾಡಿದ್ದನ್ನು ನೀವು ಮಾಡಿದ್ದು ಎಂದು ಏಕೆ ಹೇಳಿದಿರಿ?

“ನಮ್ಮ ದುಕಾನದ ರಿವಾಜ ಅದ್ರಿ” ಎಂದ. “ಹೊರಗ ಹೋದ ಮಾಲ್ ಎಲ್ಲಾ ಉಸ್ತಾದಂದು. ಕೈ ಯಾರದರ ಇರ್ಲಿ. ಮಶೀನ ಚಲೋ ಇದ್ರ ಯಾರ ಮಾಡಿದ್ದಂತ ಯಾರೂ ಕೇಳಂಗಿಲ್ರಿ. ಫೋಟೊ ಹಿಡ್ಕೊಂಡ ಕೇಳಾಕ ಬಂದಾರಂದ್ರ ಏನೋ ಕೆಟ್ಟೈತಿ ಅಂತನ ಅರ್ಥ. ಅಂಥಾ ಹೊತ್ತಿನ್ಯಾಗ ಮಗಳ ಹೆಸರ ಹೇಳ್ಲೇನ್ರಿ?”

ಅವನು ತಗಡಿನ ಪಟ್ಟಿಯತ್ತ ಕೈ ಮಾಡಿದ. “ನಿಮ್ಮ ಕಡೀನೂ ಇದ ರಿವಾಜ ಅಲ್ರಿ? ಪಟ್ಟಿ ಮ್ಯಾಲೆ ಎಲ್ಲಾರಕಿಂತ ಮ್ಯಾಲೆ ನಿಮ್ಮ ಹೆಸರ ಐತಿ. ಬೇರಿಂಗ ಕೆಟ್ಟಾಗ ಯಳವಿ ಮಂದಿ ನಿಮ್ಮ ಕಡೀನ ಬರಾಕ ಹೊಂಟಿದ್ರು. ಸರ್‌ಗ ಕಾಡಬ್ಯಾಡ್ರಿ, ನಮ್ಮ ಕಡಿ ತರ್ರಿ ಅಂತ ನಾನ ಅಂದ್ನಿ.”

ಅವನು ಚುಚ್ಚಿ ಆಡಿದ ಮಾತಲ್ಲ ಅದು. ಹೆಸರು ಹಾಕಿಸಿಕೊಂಡವನು ತಪ್ಪನ್ನೂ ಹೊರುತ್ತಾನೆ ಎಂದು ಅವನು ನಿಜವಾಗಿಯೂ ನಂಬಿದ್ದ. ಎಷ್ಟು ಯಂತ್ರಗಳ ಮೇಲೆ ನನ್ನ ಹೆಸರಿದೆ ಎಂದು ನೆನೆದು ನನಗೆ ನಾಚಿಕೆಯಾಯಿತು. ಅವು ಕೆಟ್ಟಾಗ ನಾನು ಎಲ್ಲಿದ್ದೆನೋ ನನಗೇ ಗೊತ್ತಿಲ್ಲ.

“ವೈವಾದಾಗ ಸ್ಕ್ರೂ ಸಡಲಿದ್ದು ತಾನಾಗಿ ಅಲ್ಲ” ಎಂದೆ. “ಸಡಲಿಸಿದಾಂವ ನಾನು.”

ತಂದೆ ಮಗಳ ಕಡೆ ನೋಡಿದ. ಅವಳು ಹೊಸ ಬೇರಿಂಗಿಗೆ ಗ್ರೀಸು ಹಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ಗೊತ್ತಿತ್ರಿ ಸರ್” ಎಂದಳು. “ಸ್ಕ್ರೂ ಬಿಗದ ಮ್ಯಾಲೆ, ಸ್ಕ್ರೂದಿಂದ ಪುಲ್ಲಿ ತನಕ ಒಂದ ಗೆರಿ ಎಳೀತೀವ್ರಿ. ತಿರುಗಿದ್ರ ಗೆರಿ ತುಂಡ ಆಗತೈತಿ. ಹುಡುಕಾಡಿ ಬಣ್ಣ ಸಿಗ್ಲಿಲ್ಲಂತ ಉಗುರಬಣ್ಣ ಹಚ್ಚಿದ್ನಿ. ಲ್ಯಾಬಿಗೆ ಬಂದ ದಿನ ಗೆರಿ ಕೂಡೇ ಇತ್ತು. ಆಮ್ಯಾಲೆ ಕೀಲಿ ನಿಮ್ಮ ಹತ್ರ ಇತ್ತು.”

“ಮತ್ತ ಹೇಳ್ಬೇಕಿತ್ತಲ್ಲ ಅವರಿಗೆ.”

“ಹೊರಗಿನವರ ಮುಂದ ಹೆಂಗ್ ಹೇಳ್ಲಿ ಸರ್” ಎಂದಳು. “ಮಶೀನ ಮ್ಯಾಲೆ ನಿಮ್ಮ ಹೆಸರ ಇತ್ತು.”

ಮರುದಿನವೇ ನಡೆದದ್ದನ್ನೆಲ್ಲ ಕಾಗದದ ಮೇಲೆ ಬರೆದು ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟೆ. ಅವರು ಓದಿ, ಇದನ್ನೆಲ್ಲ ಬರೆದುಕೊಡುವ ಹುಚ್ಚು ನಿಮಗೇಕೆ ಎಂದರು. ಕೆಲವು ತಿಂಗಳು ನನಗೆ ಪ್ರಾಜೆಕ್ಟಿನ ಕೆಲಸ ಕೊಡಲಿಲ್ಲ. ಹೊರಗಿನವರು ಹಾಕಿದ ಅಂಕ ಬದಲಾಗುವುದಿಲ್ಲ ಎಂದು ಉತ್ತರ ಬಂತು. ಅವಳು ಪಾಸಾದಳು, ಜೂನ್‌ನಲ್ಲಿ ಮಿರಜದ ಕೆಲಸಕ್ಕೂ ಹೋದಳು. ನನ್ನ ಎರಡು ಸುತ್ತು ಎಲನ್‌ಕೀಗೆ ಹೋದ ಆ ಐದು ಅಂಕ ಮಾತ್ರ ಅವಳ ನಿಕಾಲಕ್ಕೆ ಕೊನೆಗೂ ಸೇರಲಿಲ್ಲ.

ಇದೆಲ್ಲ ಆಮೇಲಿನದು. ತಪ್ಪೊಪ್ಪಿಕೊಂಡ ಆ ದಿನ ಅಂಗಡಿಯಿಂದ ಲಗುಬಗೆಯಲ್ಲಿ ಹೊರಟ ನನ್ನನ್ನು ಅವಳು ತಡೆದಳು. ಬೇರಿಂಗು ಕೂರಿಸಿ, ಪುಲ್ಲಿ ಏರಿಸಿ, ಸ್ಕ್ರೂ ಬಿಗಿದು ಮುಗಿಸಿದ್ದಳು. ಒಳಗಿನ ಗೂಡಿನಿಂದ ಸಣ್ಣದೊಂದು ಬಾಟಲಿ ತಂದು, ಮುಚ್ಚಳ ತಿರುವಿ ನನ್ನ ಕೈಗೆ ಕೊಟ್ಟಳು.

“ಸರ್, ಈ ಸಲ ಗೆರಿ ನೀವ ಎಳೀರಿ” ಎಂದಳು.

ನಾನು ಬಗ್ಗಿದೆ. ಸ್ಕ್ರೂ ಸಡಿಲಿಸಿದ್ದೊಂದು ಬಿಟ್ಟರೆ, ಇಷ್ಟು ವರ್ಷದಲ್ಲಿ ನನ್ನ ಹೆಸರಿದ್ದ ಯಂತ್ರವೊಂದರ ಮೇಲೆ ನಾನು ನನ್ನ ಕೈಯಿಂದ ಮಾಡಿದ ಮೊದಲ ಕೆಲಸ ಅದು. ಅಭ್ಯಾಸವಿಲ್ಲದ ಕೈ, ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆಯಲೇ ಎಂದು ಕೇಳಿದೆ.

ತಂದೆ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿದ. “ಇರ್ಲಿ ಬಿಡ್ರಿ” ಎಂದ. “ಸೊಟ್ಟ ಇದ್ರ ಏನಾತು, ಯಾರ ಎಳದದ್ದಂತ ಗೊತ್ತಾಗತೈತಿ.”